ಉಪಮುಖ್ಯಮಂತ್ರಿಯ ಪದವಿ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಹೋದವರು ಅಲ್ಲಿಯ ಶಾಸನಸ್ತಂಭದ ಬಳಿ ಕ್ಷಣಕಾಲ ನಿಲ್ಲುವುದು ಯುಕ್ತ. 1220ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕನಾದ ಕುವರ ಲಕ್ಷ್ಮನು ಪತ್ನೀಸಮೇತನಾಗಿ ಪ್ರಾಣವನ್ನೊಪ್ಪಿಸಿದನೆಂದು ಆ ಸ್ತಂಭವು ಸಾರುತ್ತದೆ. ಅಧಿಕಾರಿಯ ಋಣವೆಲ್ಲವೂ ಅರಸನೊಬ್ಬನಿಗೇ ಸಂದಿದ್ದ ಕಾಲವದು.

ಪ್ರಜೆಗಳೇ ಅರಸರಾಗಿರುವ ಈ ಕಾಲದಲ್ಲಿ ಉಪಮುಖ್ಯಮಂತ್ರಿಯು ಯಾರಿಗೆ ಋಣಿ, ಅವರ ಕರ್ತವ್ಯವೇನು? ನಮ್ಮ ಸಂವಿಧಾನದಲ್ಲಿ ಆ ಪದವಿಯ ಹೆಸರೇ ಇಲ್ಲ. 163 ಮತ್ತು 164ನೆಯ ಅನುಚ್ಛೇದಗಳು ಮುಖ್ಯಮಂತ್ರಿಯನ್ನೂ ಇತರ ಮಂತ್ರಿಗಳನ್ನೂ ಮಾತ್ರ ಹೇಳುತ್ತವೆ. 1989ರಲ್ಲಿ ದೇವೀಲಾಲರು ಉಪಪ್ರಧಾನಿಯೆಂದು ಪ್ರಮಾಣವಚನ ಸ್ವೀಕರಿಸಿದುದಕ್ಕೆ ಆಕ್ಷೇಪಣೆ ಬಂದಾಗ, ಆ ಹೆಸರು ವರ್ಣನೆ ಮಾತ್ರ, ಅವರೂ ಇತರರಂತೆ ಮಂತ್ರಿಯೇ ಎಂದು ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಮುಖ್ಯಮಂತ್ರಿಗಳು ಇಲ್ಲದಾಗ ಅಧಿಕಾರವು ತಾನಾಗಿ ಇವರ ಕೈಸೇರುವುದೂ ಇಲ್ಲ.

ಹಾಗೆಂದು ಪದವಿಯು ನಿರರ್ಥಕವೆಂದು ನಾನು ಹೇಳಲಾರೆನು. ಹಾಸನ ಜಿಲ್ಲೆಯವರಾದ ನಮಗೆ ದೂರದ ದೃಷ್ಟಾಂತ ಬೇಕಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಶ್ರೀ ಹೆಚ್. ಡಿ. ದೇವೇಗೌಡರು 1996ರಲ್ಲಿ ಪ್ರಧಾನಮಂತ್ರಿಗಳಾಗಿ ದೆಹಲಿಗೆ ತೆರಳಿದಾಗ, ಅವರ ಉಪಮುಖ್ಯಮಂತ್ರಿಗಳಾಗಿದ್ದ ಜೆ. ಹೆಚ್. ಪಟೇಲರು ಮೇ 31ರಂದು ಮುಖ್ಯಮಂತ್ರಿಗಳಾದರು. ಜೊತೆಯಲ್ಲಿ ದುಡಿದು ಪಳಗಿದವರ ಕೈಗೇ ಆಡಳಿತವು ಬಂದಿತು. ಆದರೆ 2019ರಲ್ಲಿ ಒಂದೇ ಸಂಪುಟದಲ್ಲಿ ಮೂವರಿಗೆ ಈ ಹೆಸರು ದೊರೆಯಿತು. ಮೂವರಲ್ಲಿ ಎರಡನೆಯವರು ಯಾರು? ಸೀಮೆಗೊಂದು, ಜಾತಿಗೊಂದು ಎಂದು ಹಂಚಿದ ಪದವಿಯು ಬಿರುದಾಗಿಬಿಡುತ್ತದೆ. ಬಿರುದುಗಳೇನೋ ಹೊಯ್ಸಳರಿಗೂ ಬೇಕಾದಷ್ಟಿದ್ದುವು!

ಅರಸೀಕೆರೆಯ ಗೃಹಿಣಿಗೆ ಬೇಕಾದುದು ನೀರು. 2023ರಲ್ಲಿ ಉಪಮುಖ್ಯಮಂತ್ರಿಗಳಾದ ಶ್ರೀ ಡಿ. ಕೆ. ಶಿವಕುಮಾರರಿಗೆ ಜಲಸಂಪನ್ಮೂಲದ ಖಾತೆಯೂ ಬಂದಿತು. ಈ ತಾಲ್ಲೂಕಿಗೂ ನೀರು ತರಬೇಕಾದ ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಉದ್ಘಾಟನೆಯಾಯಿತು. ಆ ನೀರಿನ ಲೆಕ್ಕವನ್ನು ಸದನಕ್ಕೆ ಒಪ್ಪಿಸತಕ್ಕದ್ದು ಖಾತೆಯ ಮಂತ್ರಿ. 'ಉಪ' ಎಂಬ ಎರಡಕ್ಷರಕ್ಕೆ ಅಲ್ಲಿ ಯಾವ ಹೊಣೆಯೂ ಇಲ್ಲ. ಆದುದರಿಂದ ಈ ಪದವಿಯನ್ನು ಒಬ್ಬರಿಗೇ ಕೊಡಬೇಕು. ಕೊಡುವ ದಿನವೇ, ಮುಖ್ಯಮಂತ್ರಿಗಳು ಪರಸ್ಥಳದಲ್ಲಿರುವಾಗ ಯಾವ ಕಡತಗಳಿಗೆ ಇವರು ಸಹಿಮಾಡಬಹುದು, ಯಾವ ಇಲಾಖೆಗಳನ್ನು ಕೂಡಿಸಿ ನಡೆಸತಕ್ಕದ್ದು ಎಂಬುದನ್ನು ಸರಕಾರವು ಬರೆದು ಪ್ರಕಟಿಸಬೇಕು.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಾದುದರಿಂದ ಇನ್ನೊಂದು ಮಾತು. 1993ರಲ್ಲಿ ಎಸ್. ಎಂ. ಕೃಷ್ಣರಿಂದ ಮೊದಲುಗೊಂಡು 2023ರವರೆಗೆ ಕರ್ನಾಟಕದಲ್ಲಿ ಈ ಪದವಿಯನ್ನು ವಹಿಸಿದವರೆಲ್ಲರೂ ಪುರುಷರೇ. ಮಧ್ಯಪ್ರದೇಶದಲ್ಲಿ ಜಮುನಾದೇವಿಯವರು 1998ರಲ್ಲಿಯೇ ಉಪಮುಖ್ಯಮಂತ್ರಿಗಳಾದರು. ಆದರೆ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅಧ್ಯಕ್ಷರಿಲ್ಲದಾಗ ಉಪಾಧ್ಯಕ್ಷರೇ ಕಾರ್ಯವಹಿಸತಕ್ಕದ್ದೆಂದು ಶಾಸನವು ಸ್ಪಷ್ಟವಾಗಿ ಹೇಳುತ್ತದೆ, ಮತ್ತು ಆ ಆಸನಗಳಲ್ಲಿ ಅರ್ಧದಷ್ಟು ಸ್ತ್ರೀಯರಿಗೆ ಮೀಸಲಾಗಿವೆ. ವಿಧಾನಸೌಧದ ಎರಡನೆಯವರಿಗೆ ಇಲ್ಲದ ಲಿಖಿತ ಹೊಣೆಯು ಹಳ್ಳಿಯ ಸೋದರಿಯೊಬ್ಬಳಿಗೆ ಉಂಟು!