ಕಡಲಿಗೆ ಬಿದ್ದ ವಿಮಾನಕ್ಕೊಂದು ದನಿ ಬೇಡವೆ?

ಸಮುದ್ರದ ಮೇಲೆ ಹಾರುವ ವಿಮಾನವು ಅಪಘಾತಕ್ಕೀಡಾಗಿ ನೀರಿನಲ್ಲಿ ಮುಳುಗಿದರೆ ಅದನ್ನು ಹುಡುಕುವ ಬಗೆ ಹೇಗೆ? ರೇಡಿಯೋ ಇದೆಯಲ್ಲವೆ, ಕೃತಕ ಉಪಗ್ರಹಗಳಿವೆಯಲ್ಲವೆ ಎಂದು ನಮ್ಮ ತರುಣ ವಾಚಕರು ಕೇಳಬಹುದು. ಆದರೆ ರೇಡಿಯೋ ಅಲೆಗಳನ್ನು ಉಪ್ಪುನೀರು ಬಲುಬೇಗ ಹೀರಿಬಿಡುತ್ತದೆ. ಬೆಳಕು ಕೂಡ ಕಡಲಿನಲ್ಲಿ ಹೆಚ್ಚು ಆಳಕ್ಕೆ ಇಳಿಯಲಾರದು. ಶಬ್ದದ ಮಾತು ಬೇರೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವ ಶಬ್ದವು ಸಮುದ್ರದ ನೀರಿನಲ್ಲಿ ಸುಮಾರು 1,500 ಮೀಟರು ಚಲಿಸುತ್ತದೆ. ಕಡಲೊಳಗೆ ದೂರದ ಸುದ್ದಿಯನ್ನು ತರಬಲ್ಲ ದೂತನೆಂದರೆ ಶಬ್ದವೇ.

ಈ ತತ್ತ್ವವನ್ನು ಆಧರಿಸಿದ ಒಂದು ಪುಟ್ಟ ಸಾಧನವುಂಟು. ಇದನ್ನು ‘ಪಿಂಗರ್’ ಎಂದು ಕರೆಯುತ್ತಾರೆ. ‘ಕಪ್ಪು ಪೆಟ್ಟಿಗೆ’ ಎಂದು ಹೆಸರಾಗಿದ್ದರೂ ಕಿತ್ತಳೆ ಬಣ್ಣ ಬಳಿದಿರುವ ದಾಖಲೆಯಂತ್ರಕ್ಕೆ ಇದನ್ನು ಜೋಡಿಸಿರುತ್ತಾರೆ. ನೀರು ತಾಕಿದೊಡನೆ ಇದು ತಾನಾಗಿಯೇ ಎಚ್ಚತ್ತು, ಹೆಚ್ಚು ಕಡಮೆ ಸೆಕೆಂಡಿಗೊಮ್ಮೆ ಮಿಡಿಯತೊಡಗುತ್ತದೆ. ಆ ಶಬ್ದದ ಕಂಪನಸಂಖ್ಯೆ ಸೆಕೆಂಡಿಗೆ 37,500. ನಮ್ಮ ಕಿವಿಗೆ ಕೇಳುವ ಎಲ್ಲೆ ಸುಮಾರು 20,000 ಆದುದರಿಂದ ಇದನ್ನು ಆಲಿಸಲು ಹೈಡ್ರೋಫೋನೆಂಬ ಯಂತ್ರದ ಕಿವಿಯೇ ಬೇಕು. ಸಮುದ್ರದ ಮೇಲೆ ಹಾರುವ ಯಾವ ವಿಮಾನವೂ, ಅದು ಯಾರದೇ ಆಗಿರಲಿ, ಈ ಸಾಧನವಿಲ್ಲದೆ ನೆಲವನ್ನು ಬಿಡತಕ್ಕದ್ದಲ್ಲ ಎಂಬುದು ನಮ್ಮ ಅಭಿಮತ.

ಇದರ ಕುಂದುಕೊರತೆಗಳನ್ನು ನಾವು ಅರಿಯದವರಲ್ಲ. ಕಂಪನಸಂಖ್ಯೆ ಹೆಚ್ಚಿದಷ್ಟೂ ಶಬ್ದವನ್ನು ನೀರು ಬೇಗ ಹೀರಿಕೊಳ್ಳುತ್ತದೆ. ಆದುದರಿಂದ ಈ ಮಿಡಿತವು ಸಾಮಾನ್ಯವಾಗಿ ಎರಡು ಮೂರು ಕಿಲೋಮೀಟರು ಮಾತ್ರ ಕೇಳಿಸುತ್ತದೆ. ಕಡಲಿನ ಆಳವೇ ನಾಲ್ಕು ಕಿಲೋಮೀಟರಾದರೆ ಮೇಲಿನ ಹಡಗಿಗೆ ಅದು ಮುಟ್ಟುವುದೆಂತು? ಹೈಡ್ರೋಫೋನನ್ನು ಉದ್ದವಾದ ಹಗ್ಗದ ತುದಿಯಲ್ಲಿ ಆಳಕ್ಕಿಳಿಸಿ ಹಡಗು ಮೆಲ್ಲನೆ ಎಳೆದುಕೊಂಡು ಹೋಗಬೇಕಾಗುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 5 ಕಿಲೋಮೀಟರು ಸಾಗುವ ಹಡಗು 3 ಕಿಲೋಮೀಟರು ಅಗಲದ ಪಟ್ಟಿಯನ್ನು ಆಲಿಸುತ್ತದೆ ಎನ್ನಿ. ಎಲ್ಲಿಯೂ ನಿಲ್ಲದೆ, ತಿರುಗದೆ ಸಾಗಿದರೂ ದಿನಕ್ಕೆ 360 ಚದರ ಕಿಲೋಮೀಟರು; 30 ದಿನಗಳಿಗೆ 10,800. ಹಳೆಯ ಮಾದರಿಯ ಪಿಂಗರಿನ ಬ್ಯಾಟರಿಗೆ ವಿಧಿಸಿದ್ದ ಕನಿಷ್ಠ ಆಯುಸ್ಸು ಈ 30 ದಿನಗಳೇ.

2014ರ ಮಾರ್ಚ್ 8ರಂದು 239 ಮಂದಿಯೊಡನೆ ಕೌಲಾಲಂಪುರದಿಂದ ಬೀಜಿಂಗಿಗೆ ಹೊರಟು ಕಣ್ಮರೆಯಾದ ಮಲೇಷಿಯದ ವಿಮಾನಕ್ಕಾಗಿ ಹಿಂದೂ ಮಹಾಸಾಗರದ ತಳದಲ್ಲಿ ಶೋಧಿಸಿದ ಪ್ರದೇಶ 1,20,000 ಚದರ ಕಿಲೋಮೀಟರು! ಆ ಶೋಧವು 2017ರ ಜನವರಿಯಲ್ಲಿ ಫಲವಿಲ್ಲದೆ ನಿಂತಿತು. ಅದರ ಒಂದು ಪಿಂಗರಿನ ಬ್ಯಾಟರಿಯ ಅವಧಿಯು 2012ರ ಡಿಸೆಂಬರಿನಲ್ಲಿಯೇ ಮುಗಿದಿತ್ತೆಂದು 2015ರ ತನಿಖಾ ವರದಿ ತಿಳಿಸಿತು. ಸಾಧನವಿದ್ದರೆ ಸಾಲದು, ಅದನ್ನು ಪರೀಕ್ಷಿಸುವ ಶ್ರದ್ಧೆಯೂ ಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದಲ್ಲಿ 228 ಮಂದಿಯೊಡನೆ ಬಿದ್ದ ಏರ್ ಫ್ರಾನ್ಸ್ ವಿಮಾನದಲ್ಲಿಯೂ ಪಿಂಗರುಗಳಿದ್ದುವು. ಆದರೂ ಅವುಗಳ ದನಿ ಯಾರಿಗೂ ಕೇಳಿಸಲಿಲ್ಲ. ಅವಶೇಷಗಳು ದೊರೆತದ್ದು 2011ರ ಏಪ್ರಿಲಿನಲ್ಲಿ, ಸುಮಾರು 3,900 ಮೀಟರು ಆಳದಲ್ಲಿ. ಅದೂ ಸೋನಾರ್ ಹೊತ್ತು ತಳದ ಬಳಿ ತಾನಾಗಿ ಚಲಿಸುವ ಯಂತ್ರದಿಂದ. ದಾಖಲೆಯಂತ್ರಗಳು ಕೈಸೇರಿದ ಮೇಲೆಯೇ ಅಪಘಾತದ ಕಾರಣ ಸ್ಪಷ್ಟವಾಯಿತು. ವೇಗವನ್ನಳೆಯುವ ನಳಿಕೆಗಳು ಹಿಮಗಟ್ಟಿ ಲೆಕ್ಕ ತಪ್ಪಿದಾಗ ಚಾಲಕರಿಗೆ ವಿಮಾನವನ್ನು ಹಿಡಿತಕ್ಕೆ ತರಲಾಗಲಿಲ್ಲ. ಈ ಪಾಠವು ಮುಂದಿನ ಚಾಲಕರ ಶಿಕ್ಷಣಕ್ಕೆ ಒದಗಿತು. ಎರಡು ವರ್ಷ ತಡವಾದದ್ದು ಆ ಪಾಠವೇ.

ಇಂಥ ಸಾಧನದಿಂದ ಏನು ಪ್ರಯೋಜನ ಎನ್ನುವವರು ನಮ್ಮ ದೇಶದ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಲಿ. 2015ರ ಜೂನ್ 8ರಂದು ಕರಾವಳಿ ರಕ್ಷಣಾ ಪಡೆಯ ಡಾರ್ನಿಯರ್ ವಿಮಾನವು ತಮಿಳುನಾಡಿನ ತೀರದಾಚೆ ಮೂವರೊಡನೆ ಕಾಣೆಯಾಯಿತು. ಅದರಲ್ಲಿ ಪಿಂಗರಿತ್ತು. ನೌಕಾಪಡೆಯ ‘ಸಿಂಧುಧ್ವಜ’ ಜಲಾಂತರ್ಗಾಮಿಯು ಅದರ ಮಿಡಿತವನ್ನು ಆಲಿಸಿತು. ಸುಮಾರು ಒಂದು ತಿಂಗಳಿನಲ್ಲಿ, 950 ಮೀಟರು ಆಳದಲ್ಲಿ ವಿಮಾನವು ದೊರೆಯಿತು. ಮರುವರ್ಷ ಜುಲೈ 22ರಂದು ತಾಂಬರಮ್‌ನಿಂದ ಪೋರ್ಟ್ ಬ್ಲೇರಿಗೆ ಹೊರಟ ವಾಯುಪಡೆಯ ಎಎನ್-32 ವಿಮಾನವು 29 ಮಂದಿಯೊಡನೆ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅದರಲ್ಲಿ ಪಿಂಗರಿರಲಿಲ್ಲವೆಂದು ಆಗ ಪತ್ರಿಕೆಗಳು ವರದಿಮಾಡಿದುವು. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ಯಂತ್ರವು 3,400 ಮೀಟರು ಆಳದಲ್ಲಿ ಅದರ ಅವಶೇಷಗಳನ್ನು ಗುರುತಿಸಿದ ಸುದ್ದಿ ಪ್ರಕಟವಾದದ್ದು 2024ರ ಜನವರಿಯಲ್ಲಿ. ಎರಡನೆಯದು ಹೆಚ್ಚು ಆಳದಲ್ಲಿ, ಹೆಚ್ಚು ದೂರದಲ್ಲಿ ಬಿದ್ದಿತ್ತೆಂಬುದು ನಿಜ. ವ್ಯತ್ಯಾಸವೆಲ್ಲವೂ ಪಿಂಗರಿನದೆಂದು ನಾವು ಹೇಳಲಾರೆವು. ಆದರೆ ಕೂಗುವ ವಸ್ತುವನ್ನು ಹುಡುಕುವುದಕ್ಕೂ ಮೌನವಾಗಿರುವುದನ್ನು ಹುಡುಕುವುದಕ್ಕೂ ಅಂತರವಿಲ್ಲವೆನ್ನಲಾದೀತೆ? ಏಳೂವರೆ ವರ್ಷ ಬಾಗಿಲ ಕಡೆ ನೋಡುತ್ತ ಕುಳಿತಿದ್ದ 29 ಮನೆಗಳವರನ್ನು ಕೇಳಬೇಕು.

ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಯು 2018ರಿಂದ ನಿಯಮವನ್ನು ಬಿಗಿಗೊಳಿಸಿ, ಪಿಂಗರಿನ ಕನಿಷ್ಠ ಆಯುಸ್ಸನ್ನು 90 ದಿನಗಳಿಗೇರಿಸಿತು. ಸಮುದ್ರದ ಮೇಲೆ ಬಹುದೂರ ಹಾರುವ ದೊಡ್ಡ ವಿಮಾನಗಳಿಗೆ ಸೆಕೆಂಡಿಗೆ 8,800 ಕಂಪನಗಳ ಇನ್ನೊಂದು ಪಿಂಗರನ್ನೂ ವಿಧಿಸಿತು. ಅದರ ದನಿ ಹೆಚ್ಚು ದೂರ ಕೇಳಿಸುತ್ತದೆ. ಆದರೆ 1944ರ ಷಿಕಾಗೋ ಒಪ್ಪಂದವು ನಾಗರಿಕ ವಿಮಾನಗಳಿಗೆ ಮಾತ್ರ ಅನ್ವಯಿಸುತ್ತದೆ; ಸೇನೆಯ ವಿಮಾನಗಳು ಅದರ ಹೊರಗೆ. ಅವುಗಳ ವಿಷಯದಲ್ಲಿ ಆಯಾ ಸರ್ಕಾರವೇ ಮನಸ್ಸು ಮಾಡಬೇಕು. ಪಿಂಗರಿನ ದನಿಯು ಶತ್ರುವಿಗೂ ಕೇಳಿಸೀತೆಂದು ಆಕ್ಷೇಪಿಸುವವರುಂಟು. ಹಾರುವ ವಿಮಾನವನ್ನು ಅದು ಬಯಲುಮಾಡುವುದಿಲ್ಲ. ಮುಳುಗಿದ ಮೇಲಷ್ಟೇ ಮಿಡಿಯುತ್ತದೆ. ಯುದ್ಧಕಾಲದಲ್ಲಿ ಬೇಡವೆನಿಸಿದರೆ ತೆಗೆದಿಡಬಹುದು. ಶಾಂತಿಕಾಲದಲ್ಲಿ ಜನರನ್ನು ದ್ವೀಪಕ್ಕೆ ಕರೆದೊಯ್ಯುವ ವಿಮಾನಕ್ಕೆ ಅಂಥ ಗೋಪ್ಯವೇಕೆ?

ದುರ್ಬಲವಾದ ಸಾಧನವನ್ನು ಬಲಪಡಿಸುವುದು ವಿಜ್ಞಾನದ ದಾರಿ, ಕೈಬಿಡುವುದಲ್ಲ. ಹೆಚ್ಚು ಬಾಳುವ ಬ್ಯಾಟರಿ, ಪೆಟ್ಟಿಗೆ ಜಗ್ಗದ ಕವಚ, ಹೆಚ್ಚು ಸೂಕ್ಷ್ಮವಾದ ಹೈಡ್ರೋಫೋನು, ಇವುಗಳನ್ನು ನಿರ್ಮಿಸುವ ಕೆಲಸ ಇಂದು ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುತ್ತಿರುವವರಿಗೆ ಕಾದಿದೆ. ಈಗಿರುವುದನ್ನು ಎಲ್ಲ ವಿಮಾನಗಳಿಗೂ ಜೋಡಿಸುವ ಕೆಲಸಕ್ಕಾದರೋ ಹೊಸ ಸಂಶೋಧನೆಯೇನೂ ಬೇಕಿಲ್ಲ. ಒಂದು ಆಜ್ಞೆ ಸಾಕು.