ಸೋತವರಿಗೂ ಮುಂದಿನ ಭಾನುವಾರ

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕದ ಫುಟ್‌ಬಾಲ್ ತಂಡ ಮೇಘಾಲಯವನ್ನು 3–2 ಗೋಲುಗಳಿಂದ ಮಣಿಸಿ ಸಂತೋಷ್ ಟ್ರೋಫಿ ಎತ್ತಿಕೊಂಡಿತು. ಸುನಿಲ್ ಕುಮಾರ್ ಎರಡನೇ ನಿಮಿಷದಲ್ಲೇ ಮೊದಲ ಗೋಲು ಹೊಡೆದರು. ಮೇಘಾಲಯ ಸಮ ಮಾಡಿಕೊಂಡ ಮೇಲೆ ಬೇಕಿ ಓರಾಂ ಇನ್ನೊಂದು ಸೇರಿಸಿದರು. ವಿರಾಮಕ್ಕೆ ತುಸು ಮುಂಚೆ ರಾಬಿನ್ ಯಾದವ್ ಫ್ರೀ ಕಿಕ್‌ನಲ್ಲಿ, ಅಂದರೆ ಎದುರಾಳಿಯ ತಪ್ಪಿಗಾಗಿ ಸಿಗುವ ಹೊಡೆತದಲ್ಲಿ, ಚೆಂಡನ್ನು ನೇರವಾಗಿ ಬಲೆಗೆ ಕಳಿಸಿದರು. ರಾಜ್ಯಗಳ ನಡುವಿನ ಈ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಮ್ಮ ರಾಜ್ಯಕ್ಕೆ ಒಲಿದದ್ದು 54 ವರ್ಷಗಳ ನಂತರ. ಹಿಂದಿನ ಗೆಲುವು 1968–69ರದ್ದು. ಆಗ ತಂಡದ ಹೆಸರು ಇನ್ನೂ ಮೈಸೂರು.

ಈ ಸುದ್ದಿ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಓದುಗರಿಗೆ ದೂರದ್ದೆನಿಸಿದ್ದರೆ ಅಚ್ಚರಿಯಿಲ್ಲ. ಅಶೋಕನ ಶಾಸನದಿಂದ ಹೆಸರಾದ ಬ್ರಹ್ಮಗಿರಿಯ ಸುತ್ತಿನ ಊರುಗಳಲ್ಲಿ ಸಂಜೆಯ ಆಟವೆಂದರೆ ವಾಲಿಬಾಲ್, ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್. ಫುಟ್‌ಬಾಲ್ ಏನಿದ್ದರೂ ಟಿ.ವಿ.ಯಲ್ಲಿ ನೋಡುವ ಯುರೋಪಿನ ಆಟ. ಆದರೆ ರಿಯಾದ್‌ನಲ್ಲಿ ಗೆದ್ದ ಹುಡುಗರು ಎಲ್ಲಿಂದ ಬಂದರು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಿದರೆ ನಮ್ಮ ತಾಲ್ಲೂಕುಗಳಿಗೂ ಅದರಲ್ಲೊಂದು ಪಾಠ ಸಿಗುತ್ತದೆ.

ರಾಜ್ಯ ತಂಡ ಶಿಬಿರದಲ್ಲಿ ಹುಟ್ಟುವುದಿಲ್ಲ. ಆಯ್ಕೆದಾರರು ಆಟಗಾರರನ್ನು ಹುಡುಕುವುದು ಲೀಗ್‌ಗಳಲ್ಲಿ. ಕರ್ನಾಟಕದಲ್ಲಿ ಅಂಥ ಮುಖ್ಯ ಲೀಗ್ ಎಂದರೆ ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದುಕೊಂಡು ಬಂದ ಈ ಲೀಗ್‌ನ ಕೆಳಗೆ ಎ, ಬಿ, ಸಿ ಡಿವಿಷನ್‌ಗಳಿವೆ. ಆಡುವವರಲ್ಲಿ ಹಲವರು ಹವ್ಯಾಸಿಗಳು. ಆಟಕ್ಕೆಂದು ಸಂಬಳ ಪಡೆಯದವರು, ಹೊಟ್ಟೆಪಾಡಿಗೆ ಬೇರೆ ಕೆಲಸ ಇರುವವರು. ಇನ್ನೊಂದಷ್ಟು ಮಂದಿ ಕ್ರೀಡಾ ಕೋಟಾದಲ್ಲಿ ನೌಕರಿ ಪಡೆದವರು. ಎಚ್‌ಎಎಲ್, ಐಟಿಐ, ಎಂಇಜಿ, ಎಎಸ್‌ಸಿ, ಎಡಿಇ ಹೀಗೆ ಕಾರ್ಖಾನೆ, ಸೇನೆ, ಸರ್ಕಾರಿ ಸಂಸ್ಥೆಗಳ ಹೆಸರುಗಳೇ ದಶಕಗಳ ಕಾಲ ಬೆಂಗಳೂರಿನ ಫುಟ್‌ಬಾಲ್ ಪಟ್ಟಿಯನ್ನು ತುಂಬಿದ್ದವು. ಬೆಳಿಗ್ಗೆ ಹಾಜರಿ ಹಾಕಿ, ಮಧ್ಯಾಹ್ನ ಮೈದಾನಕ್ಕೆ ಹೋಗುವ ಗುಮಾಸ್ತರೂ ಫಿಟ್ಟರ್‌ಗಳೂ ಸೇರಿ ಕಟ್ಟಿದ ಆಟ ಇದು. ಈಗ ಬೆಂಗಳೂರು ಎಫ್‌ಸಿಯಂಥ ವೃತ್ತಿಪರ ಕ್ಲಬ್‌ನ ಎರಡನೇ ತಂಡವೂ ಅದೇ ಲೀಗ್‌ನಲ್ಲಿ ಆಡುತ್ತದೆ. ಹೊರಗಿನಿಂದ ಬಂದ ಕೊಡಗು ಎಫ್‌ಸಿಯಂಥ ತಂಡವೂ ಅಲ್ಲಿ ಆಡಿದೆ.

ಈ ಪರಂಪರೆ ಹಳೆಯದು. ಬ್ರಿಟಿಷ್ ಪಲ್ಟಣಗಳೇ ಗೆಲ್ಲುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಗೆದ್ದು, ಮರುವರ್ಷವೂ ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇದೇ ನಗರದ ಆಟಗಾರ. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆ ಇದೆ. ಪ್ರತಿಭೆ ಕೆಲವೇ ಬಡಾವಣೆಗಳಲ್ಲಿ ಹುಟ್ಟುತ್ತದೆ ಎಂದು ಯಾರೂ ನಂಬಲಾರರು. ಅಲ್ಲಿ ಪ್ರತಿ ವರ್ಷ, ಪ್ರತಿ ಹುಡುಗನಿಗೆ ಆಡಲು ಪಂದ್ಯಗಳಿದ್ದವು, ವ್ಯತ್ಯಾಸ ಅಷ್ಟೇ.

ಈ ಮಾತಿನ ತೂಕ ತಿಳಿಯಬೇಕಾದರೆ ಲೀಗ್‌ಗೂ ನಮಗೆ ಪರಿಚಿತವಾದ ಟೂರ್ನಮೆಂಟಿಗೂ ಇರುವ ಅಂತರವನ್ನು ಲೆಕ್ಕ ಹಾಕಿ ನೋಡಬೇಕು. ನಮ್ಮ ಕಡೆ ಜಾತ್ರೆಗೋ ರಾಜ್ಯೋತ್ಸವಕ್ಕೋ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿ ಬಹುಪಾಲು ನಾಕೌಟ್ ಮಾದರಿಯದು: ಸೋತ ತಂಡ ಮನೆಗೆ. 16 ತಂಡ ಬಂದವು ಎಂದಿಟ್ಟುಕೊಳ್ಳಿ. ಒಟ್ಟು ನಡೆಯುವ ಪಂದ್ಯ 15. ಅರ್ಧದಷ್ಟು, ಅಂದರೆ 8 ತಂಡಗಳು, ಒಂದೇ ಪಂದ್ಯ ಆಡಿ ಬಸ್ ಹತ್ತುತ್ತವೆ. ನಾಲ್ಕು ಪಂದ್ಯ ಆಡುವ ಭಾಗ್ಯ ಫೈನಲ್ ತಲುಪಿದ ಎರಡು ತಂಡಗಳಿಗೆ ಮಾತ್ರ. ಹೆಚ್ಚು ಆಡಿ ಕಲಿಯಬೇಕಾದ ದುರ್ಬಲ ತಂಡಕ್ಕೇ ಅತಿ ಕಡಿಮೆ ಆಟ ಸಿಗುತ್ತದೆ. ಹೋಬಳಿಯಿಂದ ರಾಜ್ಯದವರೆಗೆ ಏರುವ ಶಾಲಾ ಕ್ರೀಡಾಕೂಟಗಳಲ್ಲೂ ಇದೇ ಕತೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮಕ್ಕಳು ಒಂದು ಬೆಳಿಗ್ಗೆಯಲ್ಲಿ ಸೋತು, ಬಿಸಿಯೂಟದ ಹೊತ್ತಿಗೆ ಊರು ಸೇರುತ್ತಾರೆ.

ಲೀಗ್‌ನಲ್ಲಿ ಹಾಗಲ್ಲ. ಪ್ರತಿ ತಂಡ ಉಳಿದ ಎಲ್ಲ ತಂಡಗಳ ಜೊತೆ ಆಡಲೇಬೇಕು. 10 ತಂಡಗಳಿದ್ದರೆ 45 ಪಂದ್ಯ, ಪ್ರತಿ ತಂಡಕ್ಕೆ 9. ತವರಿನಲ್ಲೊಮ್ಮೆ, ಹೊರಗೊಮ್ಮೆ ಎಂದು ಎರಡು ಸುತ್ತು ಇಟ್ಟರೆ ಅದರ ಎರಡರಷ್ಟು. ಗೆದ್ದರೆ 3 ಅಂಕ, ಸಮವಾದರೆ ಇಬ್ಬರಿಗೂ 1, ಸೋತರೆ ಸೊನ್ನೆ. ಮೊದಲೆಲ್ಲ ಗೆಲುವಿಗೆ 2 ಅಂಕವೇ ಇತ್ತು. ಡ್ರಾ ಸಾಕೆಂದು ತಂಡಗಳು ಬಾಗಿಲು ಮುಚ್ಚಿ ಆಡತೊಡಗಿದಾಗ ಇಂಗ್ಲೆಂಡ್ 1981ರಲ್ಲಿ ಅದನ್ನು 3ಕ್ಕೆ ಏರಿಸಿತು. 1994ರಲ್ಲಿ ವಿಶ್ವಕಪ್ ಕೂಡ ಅದೇ ದಾರಿ ಹಿಡಿಯಿತು. ಅಂಕ ಸಮನಾದರೆ ಗೋಲು ಅಂತರ, ಅಂದರೆ ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದು ಉಳಿದದ್ದು, ಸ್ಥಾನ ನಿರ್ಧರಿಸುತ್ತದೆ. ಐಪಿಎಲ್ ನೋಡುವವರಿಗೆ ನೆಟ್ ರನ್ ರೇಟ್ ಗೊತ್ತು. ಇದು ಅದೇ ಕೆಲಸ ಮಾಡುತ್ತದೆ. ಇದರಿಂದಾಗಿ 0–3ರಲ್ಲಿ ಹಿಂದಿರುವ ತಂಡಕ್ಕೂ ಕೊನೆಯ ನಿಮಿಷದಲ್ಲಿ ಒಂದು ಗೋಲು ಹೊಡೆಯಲು ಕಾರಣ ಇರುತ್ತದೆ.

ಚಾಂಪಿಯನ್ ಯಾರೆಂದು ತೀರ್ಮಾನಿಸಲು ಎರಡು ಕ್ರಮಗಳಿವೆ. ಯುರೋಪಿನ ದೊಡ್ಡ ಲೀಗ್‌ಗಳಲ್ಲಿ ಪಟ್ಟಿಯ ತುದಿಯಲ್ಲಿರುವ ತಂಡವೇ ಚಾಂಪಿಯನ್, ಫೈನಲ್ ಪಂದ್ಯ ಎಂಬುದೇ ಇಲ್ಲ. ಐಪಿಎಲ್, ಪ್ರೊ ಕಬಡ್ಡಿಗಳಲ್ಲಿ ಮೇಲಿನ ಕೆಲವು ತಂಡಗಳು ಪ್ಲೇಆಫ್ ಆಡಿ ಫೈನಲ್ ತಲುಪುತ್ತವೆ. ಮೊದಲನೆಯದು ನ್ಯಾಯಕ್ಕೆ ಹತ್ತಿರ, ಎರಡನೆಯದು ಜನ ಸೇರಿಸುತ್ತದೆ. ಸಣ್ಣ ಊರಿನ ಲೀಗ್‌ಗೆ ಎರಡನೆಯದೇ ಒಳ್ಳೆಯದು ಎಂದು ನನಗನಿಸುತ್ತದೆ, ಏಕೆಂದರೆ ಕೊನೆಯ ದಿನ ಊರು ಬಂದು ನೋಡದಿದ್ದರೆ ಮುಂದಿನ ವರ್ಷಕ್ಕೆ ಚೆಂಡಿನ ಕಾಸೂ ಹುಟ್ಟುವುದಿಲ್ಲ.

ಲೀಗ್ ಎಂಬ ಯೋಚನೆ ಹುಟ್ಟಿದ ಕಾರಣವೂ ತಿಳಿಯಬೇಕಾದದ್ದು. ಇಂಗ್ಲೆಂಡಿನಲ್ಲಿ ಎಫ್‌ಎ ಕಪ್ ಎಂಬ ನಾಕೌಟ್ ಟೂರ್ನಿ 1871ರಲ್ಲೇ ಶುರುವಾಗಿತ್ತು. ಕಪ್‌ನಿಂದ ಬೇಗ ಹೊರಬಿದ್ದ ಕ್ಲಬ್‌ಗಳು ಉಳಿದ ದಿನಗಳಲ್ಲಿ ಸ್ನೇಹಪಂದ್ಯಗಳನ್ನು ಹೊಂದಿಸಿಕೊಳ್ಳುತ್ತಿದ್ದವು. ಎದುರಾಳಿ ಬರುತ್ತೇನೆಂದು ಹೇಳಿ ಬಾರದಿರುವುದು ಮಾಮೂಲು. ಬರ್ಮಿಂಗ್‌ಹ್ಯಾಮ್‌ನ ಬಟ್ಟೆ ವ್ಯಾಪಾರಿ, ಆಸ್ಟನ್ ವಿಲ್ಲಾ ಕ್ಲಬ್‌ನ ವಿಲಿಯಂ ಮೆಕ್‌ಗ್ರೆಗರ್ ಇದರಿಂದ ಬೇಸತ್ತು, ತಾರೀಖು ಮೊದಲೇ ಗೊತ್ತುಮಾಡಿ ಎಲ್ಲರೂ ಎಲ್ಲರೊಡನೆ ಆಡೋಣ ಎಂದು 1888ರಲ್ಲಿ ಕೆಲವು ಕ್ಲಬ್‌ಗಳಿಗೆ ಪತ್ರ ಬರೆದರು. 12 ಕ್ಲಬ್‌ಗಳ ಫುಟ್‌ಬಾಲ್ ಲೀಗ್ ಅದೇ ವರ್ಷ ಆರಂಭವಾಯಿತು. ಹತ್ತು ವರ್ಷದಲ್ಲಿ, 1898ಕ್ಕೆ, ಕಲ್ಕತ್ತದಲ್ಲೂ ಲೀಗ್ ಬಂತು. ಮೆಕ್‌ಗ್ರೆಗರ್ ಕೊಟ್ಟದ್ದು ಹೊಸ ಆಟವನ್ನೂ ಅಲ್ಲ, ದುಡ್ಡನ್ನೂ ಅಲ್ಲ, ಒಂದು ವೇಳಾಪಟ್ಟಿಯನ್ನು.

ವೇಳಾಪಟ್ಟಿಯೊಂದು ಬಂದರೆ ಅದರ ಬೆನ್ನಿಗೆ ಬೇರೆ ಶಿಸ್ತುಗಳೂ ಬರುತ್ತವೆ. ಕೆಂಪು ಕಾರ್ಡನ್ನೇ ತೆಗೆದುಕೊಳ್ಳಿ. ಕೆಂಪು ಕಾರ್ಡ್ ಪಡೆದವನು ಆ ಪಂದ್ಯದಿಂದ ಹೊರಗೆ, ಮುಂದಿನ ಪಂದ್ಯಕ್ಕೂ ನಿಷೇಧ. ನಾಕೌಟ್‌ನಲ್ಲಿ ತಂಡವೇ ಸೋತು ಹೋದರೆ ಮುಂದಿನ ಪಂದ್ಯ ಎಲ್ಲಿಯದು? ರೆಫರಿಯ ಅಂಗಿ ಹಿಡಿದವನಿಗೂ ಶಿಕ್ಷೆಯಿಲ್ಲ. ಲೀಗ್‌ನಲ್ಲಿ ಮಾತ್ರ ಆ ನಿಷೇಧಕ್ಕೆ ಅರ್ಥ ಬರುತ್ತದೆ. ಬರುವ ಭಾನುವಾರ ಅವನು ಗೆರೆಯಾಚೆ ನಿಂತು ತನ್ನ ತಂಡ ಒದ್ದಾಡುವುದನ್ನು ನೋಡಬೇಕು. ಆಟಗಾರರ ನೋಂದಣಿಯೂ ಅಂಥದ್ದೇ. ನಗದು ಬಹುಮಾನದ ಟೂರ್ನಮೆಂಟುಗಳಿಗೆ ಹೊರಗಿನಿಂದ ಆಟಗಾರರನ್ನು ಒಂದು ದಿನದ ಮಟ್ಟಿಗೆ ಕರೆತರುವುದು ವಾಲಿಬಾಲ್, ಕಬಡ್ಡಿ ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ. ಕಪ್ ಊರಿಗೆ ಬರುತ್ತದೆ, ಊರಿನ ಹುಡುಗರು ಬೆಂಚಿನ ಮೇಲೆ ಕೂತಿರುತ್ತಾರೆ. ಲೀಗ್‌ನಲ್ಲಿ ಋತು ಶುರುವಾಗುವ ಮೊದಲೇ ಹೆಸರು ಬರೆಸಬೇಕು, ನಡುವೆ ಬೇಕೆಂದಾಗ ಬದಲಿಸುವಂತಿಲ್ಲ. ತಿಂಗಳುಗಟ್ಟಲೆ ಯಾರನ್ನೂ ಬಾಡಿಗೆಗೆ ಇಟ್ಟುಕೊಳ್ಳಲು ಆಗುವುದಿಲ್ಲವಾದ್ದರಿಂದ ಊರಿನವರನ್ನೇ ತಯಾರು ಮಾಡಬೇಕಾಗುತ್ತದೆ.

ಇನ್ನು ಮೆಟ್ಟಿಲುಗಳ ವಿಷಯ. ಕೆಳ ಡಿವಿಷನ್‌ನಲ್ಲಿ ಗೆದ್ದವರು ಮೇಲಕ್ಕೆ, ಮೇಲೆ ಕೊನೆಗೆ ಬಿದ್ದವರು ಕೆಳಕ್ಕೆ ಎಂಬ ನಿಯಮವೇ ಲೀಗ್‌ಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ರಾಜ್ಯ ಮಟ್ಟದ ಲೀಗ್‌ನ ಕ್ಲಬ್‌ಗಳಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2023ರಲ್ಲಿ ಆರಂಭಿಸಿದ ಐ-ಲೀಗ್ 3ರ ದಾರಿ ಇದೆ, ಅಲ್ಲಿಂದ ಐ-ಲೀಗ್ 2, ಆಮೇಲೆ ಐ-ಲೀಗ್. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023–24ರ ಐ-ಲೀಗ್ 2 ಗೆದ್ದು ಹೀಗೆಯೇ ಮೇಲೇರಿತು. ಏಣಿ ಇದೆ, ಅದರ ಮೊದಲ ಮೆಟ್ಟಿಲು ರಾಜಧಾನಿಯಲ್ಲಿದೆ ಎಂಬುದೇ ತೊಡಕು. ಚಳ್ಳಕೆರೆ ತಾಲ್ಲೂಕಿನ ತಳಕಿನ ಹುಡುಗನೊಬ್ಬ ಅದನ್ನು ಮುಟ್ಟಬೇಕಾದರೆ ಮೊದಲು ಊರು ಬಿಡಬೇಕು.

ಬರಪೀಡಿತ ಸೀಮೆಯಲ್ಲಿ ಫುಟ್‌ಬಾಲ್ ಎಲ್ಲಿ ಸಾಧ್ಯ ಎನ್ನುವವರು ಗಡಿಯಾಚೆ ನೋಡಬಹುದು. ಮೊಳಕಾಲ್ಮುರಿಗೆ ಅಂಟಿಕೊಂಡಿರುವ ಅನಂತಪುರ ಜಿಲ್ಲೆ ಮಳೆಯ ವಿಷಯದಲ್ಲಿ ನಮಗಿಂತ ಅದೃಷ್ಟವಂತ ಸೀಮೆಯೇನಲ್ಲ. ಅಲ್ಲಿ ವಿನ್ಸೆಂಟ್ ಫೆರರ್ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಕ್ರೀಡಾಗ್ರಾಮವನ್ನೇ ನಿರ್ಮಿಸಿ ಹಳ್ಳಿ ಮಕ್ಕಳಿಗೆ ಫುಟ್‌ಬಾಲ್ ಕಲಿಸಿದೆ. ಅಷ್ಟು ದೊಡ್ಡದು ನಮಗೆ ಈಗಲೇ ಬೇಕಿಲ್ಲ. ಪೂರ್ಣ ಅಳತೆಯ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ, ಅಂದರೆ ಸುಮಾರು ಒಂದೂಮುಕ್ಕಾಲು ಎಕರೆ. ಅಷ್ಟಕ್ಕೂ ಹುಲ್ಲು ಬೆಳೆಸಿ ನೀರುಣಿಸುವುದು, ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರುಗಳಲ್ಲಿ ಆಗದ ಮಾತು. ಏಳು ಜನರ ಆಟಕ್ಕೆ 60 ಮೀಟರ್ ಉದ್ದ, 40 ಮೀಟರ್ ಅಗಲ ಸಾಕು, ಮೂರನೇ ಒಂದು ಭಾಗ. ಕಲ್ಲು ಆರಿಸಿ, ಕೆಂಪು ಮಣ್ಣು ಹರಡಿ, ರೋಲರ್ ಹೊಡೆದು, ಹಿಂದಿನ ಸಂಜೆ ನೀರು ಚಿಮುಕಿಸಿದರೆ ಮಂಡಿ ತರಚುವುದು ಕಡಿಮೆಯಾಗುತ್ತದೆ.

ಚಳ್ಳಕೆರೆ ತಾಲ್ಲೂಕಿನಲ್ಲಿ ನಾಲ್ಕು ಹೋಬಳಿಗಳು: ಕಸಬಾ, ತಳಕು, ನಾಯಕನಹಟ್ಟಿ, ಪರಶುರಾಂಪುರ. ಮೊಳಕಾಲ್ಮುರಿನಲ್ಲಿ ಎರಡು: ಕಸಬಾ ಮತ್ತು ದೇವಸಮುದ್ರ. ಹೋಬಳಿಗೊಂದು ತಂಡ ಎಂದರೂ ಆರು. ಎರಡು ಸುತ್ತು ಆಡಿಸಿದರೆ 30 ಪಂದ್ಯ, ಪ್ರತಿ ತಂಡಕ್ಕೆ ಹತ್ತು, ಅದರಲ್ಲಿ ಐದು ತವರಿನಲ್ಲಿ. ವಾರಕ್ಕೆ ಮೂರು ಪಂದ್ಯದಂತೆ ಹತ್ತು ಭಾನುವಾರ ಬೇಕು. ಶೇಂಗಾ ಕಿತ್ತು ಮುಗಿದ ಮೇಲೆ, ಡಿಸೆಂಬರ್ ಮೊದಲ ಭಾನುವಾರ ಆರಂಭಿಸಿದರೆ ಫೆಬ್ರವರಿ ನಡುವಿನೊಳಗೆ ಲೀಗ್ ಮುಗಿಯುತ್ತದೆ; ಬಿಸಿಲು ಏರುವ ಮೊದಲು, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೂ ಮೊದಲು ಸೆಮಿಫೈನಲ್, ಫೈನಲ್ ಆಡಿಸಬಹುದು. ಇದೇ ತಿಂಗಳುಗಳಲ್ಲಿ ಯುವಕರು ಬೆಂಗಳೂರಿಗೆ ಗುಳೆ ಹೋಗುತ್ತಾರೆ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕಾಗಿ ಏಳು ಜನರ ತಂಡಕ್ಕೆ ಹದಿನೆಂಟು, ಇಪ್ಪತ್ತು ಹೆಸರು ನೋಂದಾಯಿಸಲು ಬಿಡಬೇಕು.

ಮೈದಾನಕ್ಕೆ ಯಾರನ್ನು ಕೇಳುವುದು? ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳ ಪಾಲಾಗಿದೆ. ವಿಜ್ಞಾನ ಸಂಸ್ಥೆಯೊಂದರದ್ದೇ ಸುಮಾರು 1,500 ಎಕರೆ. ದನ ಮೇಯಿಸುತ್ತಿದ್ದ ಬಯಲಿಗೆ ಗೋಡೆ ಬಂದಾಗ ಸುತ್ತಲ ಹಳ್ಳಿಗಳು ಕಳೆದುಕೊಂಡದ್ದರಲ್ಲಿ ಹುಡುಗರು ಓಡಾಡುತ್ತಿದ್ದ ಜಾಗವೂ ಸೇರಿದೆ. 2017ರಲ್ಲಿ ಇಲ್ಲಿ ಉದ್ಘಾಟನೆಯಾದ ವೈಮಾನಿಕ ಪರೀಕ್ಷಾ ವಲಯದಲ್ಲಿ ಚಾಲಕರಹಿತ ವಿಮಾನಗಳನ್ನು ಹಾರಿಸುವ ಎಡಿಇ ಸಂಸ್ಥೆಯೇ ಬೆಂಗಳೂರು ಲೀಗ್‌ನಲ್ಲಿ ತಂಡ ಕಟ್ಟಿ ಆಡಿಸಿದ ಸಂಸ್ಥೆ. ಫುಟ್‌ಬಾಲ್ ಲೀಗ್ ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೋಡೆಯ ಹೊರಗೆ, ಭದ್ರತೆಗೆ ತೊಂದರೆಯಾಗದ ಅಂಚಿನಲ್ಲಿ, ಈ ಸಂಸ್ಥೆಗಳು ಸೇರಿ ಎರಡು ಸಣ್ಣ ಮೈದಾನ ಮಾಡಿಕೊಡಲಿ. ಹೋಬಳಿಗೊಬ್ಬರು ದೈಹಿಕ ಶಿಕ್ಷಕರಿಗೆ ರೆಫರಿ ತರಬೇತಿ ಕೊಡಿಸುವ ಹೊಣೆಯನ್ನು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಹೊರಲಿ. ಬೆಂಗಳೂರು ಲೀಗ್‌ನಲ್ಲಿ ಈ ಇಲಾಖೆಯ ತಂಡವೂ ಆಡಿದೆ.

ಬಹುಮಾನದ ಬಗ್ಗೆ ಒಂದು ಸಲಹೆ. ಮೊದಲ ವರ್ಷ ನಗದು ಬಹುಮಾನ ಬೇಡ. ಅದರ ಬದಲು ಪ್ರತಿ ತಂಡದಿಂದ ಠೇವಣಿ ಕಟ್ಟಿಸಿಕೊಂಡು, ಹತ್ತೂ ಪಂದ್ಯಕ್ಕೆ ಹಾಜರಾದ ತಂಡಕ್ಕೆ ಹತ್ತನೆಯ ಪಂದ್ಯ ಮುಗಿದ ದಿನ ಅದನ್ನು ಪೂರ್ತಿ ಹಿಂತಿರುಗಿಸಬೇಕು. ಹೊಸ ಲೀಗ್‌ಗಳು ಕುಸಿಯುವುದು ಸಾಮಾನ್ಯವಾಗಿ ಕೆಳಗಿನ ಎರಡು ತಂಡಗಳು ಜನವರಿಯಲ್ಲಿ ಬರುವುದನ್ನು ನಿಲ್ಲಿಸಿದಾಗ. ಎದುರಾಳಿ ಇಲ್ಲದೆ ಸಿಗುವ ಅಂಕಗಳಿಂದ ಪಟ್ಟಿಯೇ ಕೆಡುತ್ತದೆ, ಮೇಲಿನವರಿಗೂ ಆಸಕ್ತಿ ಹೋಗುತ್ತದೆ. ಆದ್ದರಿಂದ ಸಂಘಟಕರು ಮೊದಲು ಬಸ್ ಚಾರ್ಜು, ಚೆಂಡು, ಬೆಳಗಿನ ಉಪ್ಪಿಟ್ಟು ಒದಗಿಸಿಕೊಡಬೇಕಾದದ್ದು ಆರನೇ ಸ್ಥಾನದಲ್ಲಿರುವ ತಂಡಕ್ಕೆ.