ತುಘಲಕನ ಪ್ರಾರ್ಥನೆ ಮತ್ತು ನಮ್ಮ ಮಕ್ಕಳು

ರಾಷ್ಟ್ರೀಯ ನಾಟಕ ಶಾಲೆಯ ಪ್ರವೇಶಕ್ಕೆಂದು ನನ್ನ ಮಗ ಏಕಪಾತ್ರದ ಮಾತೊಂದನ್ನು ಸಿದ್ಧಪಡಿಸಿಕೊಳ್ಳುತ್ತಿದ್ದಾನೆ. ಜನಕಪುರಿಯ ನಮ್ಮ ಮನೆಯಲ್ಲಿ ತಿಂಗಳಿಂದ ಸುಲ್ತಾನ ಮಹಮ್ಮದನ ಆರ್ತನಾದ; ಕೆಳಮಹಡಿಯವರು ಒಮ್ಮೆ ಬಂದು ಕ್ಷೇಮ ವಿಚಾರಿಸಿಹೋದರು. ಗಿರೀಶ ಕಾರ್ನಾಡರ ‘ತುಘಲಕ್’ನಲ್ಲಿ ಸುಲ್ತಾನನು ಮಂಡಿಯೂರಿ ದೇವರನ್ನು ಬೇಡುವ ಭಾಗವದು. ಓದುತ್ತಿದ್ದುದು ಹಿಂದಿಯಲ್ಲಿ.

“ಅಪ್ಪಾ, ಇದು ಹಿಂದಿ ನಾಟಕವಲ್ಲವೇ?” ಎಂದ ಒಂದು ದಿನ. ಈ ದಿಲ್ಲಿಯ ಜನರನ್ನು ದೌಲತಾಬಾದಿಗೆ ಹೊರಡಿಸಿದ ಅರಸನ ಕುರಿತು 1964ರಲ್ಲಿ ನಾಟಕ ಪ್ರಕಟವಾದದ್ದು ಕನ್ನಡದಲ್ಲಿ. ಅದನ್ನು ಹಿಂದಿಗೆ ತಂದ ಬಿ.ವಿ. ಕಾರಂತರು ಅದೇ ಶಾಲೆಯ ಪದವೀಧರರು, 1977ರಿಂದ 1981ರವರೆಗೆ ಅದರ ನಿರ್ದೇಶಕರು. ಇಷ್ಟನ್ನೂ ಮಗನಿಗೆ ತಿಳಿಸದೆ ಇಪ್ಪತ್ತು ವರ್ಷ ಕಳೆದವನು ನಾನು. ಕನ್ನಡ ಅಕ್ಷರ ಕಲಿಸದಿದ್ದುದಕ್ಕೆ ವರ್ಗಾವಣೆಗಳ ನೆಪ ಹೇಳಬಹುದು, ಅದು ನೆಪವೇ.

ಅವನು ಮೊದಲ ಮಾತಿನಿಂದಲೇ ಬಿಕ್ಕುತ್ತಿದ್ದ. ತರಬೇತಿಗಾರರೊಬ್ಬರು ಎಲ್ಲಿ ಅಳಬೇಕೆಂದು ಗೆರೆ ಎಳೆದುಕೊಟ್ಟಿದ್ದರಂತೆ! ಕೈಯಲ್ಲಿದ್ದುದು ಒಂದೇ ಪುಟದ ಜೆರಾಕ್ಸ್ ಪ್ರತಿ. ಹಿಂದಿನ ಪುಟಗಳನ್ನು ಓದದೆ ಈ ಮಾತು ಆಡಲಾಗದು. ನಜೀಬನನ್ನು ಕೊಲ್ಲಿಸಿದವಳು ತಾನೆಂದು ಮಲತಾಯಿ ಒಪ್ಪಿಕೊಂಡಿದ್ದಾಳೆ. ಅವಳನ್ನು ಕಲ್ಲೆಸೆದು ಕೊಲ್ಲುವಂತೆ ಸುಲ್ತಾನನು ಆಜ್ಞಾಪಿಸಿದ್ದಾನೆ. ಭಟರು ಅವಳನ್ನು ಎಳೆದೊಯ್ದ ಮೇಲೆ ಬರುವ ಪ್ರಾರ್ಥನೆಯಿದು. ಆಜ್ಞೆಯಿತ್ತ ಬಾಯಿಯೇ ಕರುಣೆಯನ್ನು ಬೇಡುತ್ತಿದೆ. ಅಲ್ಲಿ ಗಂಟಲು ಹರಿಯುವುದಕ್ಕಿಂತ ಒಣಗುವುದು ಸಹಜವೆಂದು ನನ್ನ ಎಣಿಕೆ. ನಾನು ನಟನಲ್ಲ, ಕಡತಗಳ ಮನುಷ್ಯ.

ಒಂದು ರಾತ್ರಿ ಮೂಲವನ್ನು ನಾನು ಓದಿದೆ, ಅವನು ದೇವನಾಗರಿಯಲ್ಲಿ ಬರೆದುಕೊಂಡ. ‘ಳ’ಕಾರವೆಲ್ಲ ‘ಲ’ಕಾರವಾಯಿತು. ಆದರೂ ನಾಲ್ಕನೆಯ ಸಲ ಹೇಳುವಾಗ ಅವನ ದನಿ ತಾನಾಗಿ ತಗ್ಗಿತು. ಅಜ್ಜಿ ದೇವರ ಮುಂದೆ ಗೊಣಗುತ್ತಿದ್ದ ಭಾಷೆಯಲ್ಲವೇ ಅದು? ಮರುದಿನ ಹಿಂದಿಗೆ ಮರಳಿದಾಗಲೂ ಆ ತಗ್ಗು ಉಳಿದಿತ್ತು.

ಆಯ್ಕೆಯಾಗುವನೋ ಇಲ್ಲವೋ ಅರಿಯೆ. ರಾಜ್ಯೋತ್ಸವದ ಹಾರತುರಾಯಿಗಳಿಗೆ ವ್ಯಯಿಸುವ ನಮ್ಮ ಹೊರನಾಡ ಸಂಘಗಳು ತಿಂಗಳಿಗೊಂದು ಸಂಜೆ ಮಕ್ಕಳನ್ನು ಕೂರಿಸಿ ಒಂದು ಕನ್ನಡ ನಾಟಕವನ್ನು ಗಟ್ಟಿಯಾಗಿ ಓದಿಸಬಾರದೇಕೆ? ಲಿಪಿ ಬಾರದವರು ಕೇಳಿ ಕಲಿಯಲಿ. ನಮ್ಮ ಮನೆಯಲ್ಲಿ ‘ತುಘಲಕ್’ನ ಎರಡು ಪ್ರತಿಗಳಿವೆ, ಒಂದನ್ನು ಸಂಘದ ಕಪಾಟಿಗೆ ಕೊಡಲು ನಾನು ಸಿದ್ಧ.